ಮನೆಗೊಂದು ಸಣ್ಣ ಗಣಕಯಂತ್ರ



ನಾನು ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿಯವನು. ಮ್ಯಾಟ್ರಿಕ್ ಮುಗಿಸಿ 1981ರಲ್ಲಿ ಬ್ಯಾಂಕಿನ ಗುಮಾಸ್ತನಾಗಿ ಸೇರಿದೆ. ಮೂವತ್ತೊಂಬತ್ತು ವರ್ಷ ಲೆಜರು, ನಗದು, ಪಾಸ್‌ಬುಕ್ಕುಗಳ ನಡುವೆ ಕಳೆದು 2020ರಲ್ಲಿ ನಿವೃತ್ತನಾದೆ. ಗಣಕಯಂತ್ರದ ಬಗ್ಗೆ ಮಾತಾಡಲು ಎಂಜಿನಿಯರರನ್ನು ಬಿಟ್ಟು ಈ ಗುಮಾಸ್ತನನ್ನೇಕೆ ಕರೆದರು ಎಂದು ನೀವು ಕೇಳಬಹುದು. ಕಾರಣ ಇಷ್ಟೆ. ಮನೆಗೆ ಗಣಕಯಂತ್ರ ಕೊಳ್ಳುವಾಗ ನಾನು ಒಂದು ಸಲ ಕೆಟ್ಟೆ, ಎರಡನೆಯ ಸಲ ಕಲಿತೆ. ಕೆಟ್ಟಾಗ ಹೋದ ಹಣ ಸಣ್ಣ ಮಾತು. ಹಣ ಕೊಟ್ಟರೂ ಮರಳಿ ಬಾರದಂಥದೊಂದು ಹೋಯಿತು. ಅದನ್ನು ಹೇಳಿದರೆ ನಿಮ್ಮಲ್ಲಿ ಒಂದೆರಡು ಮನೆಗಾದರೂ ಉಪಯೋಗವಾದೀತು ಎಂದು ಬಂದಿದ್ದೇನೆ.

ಮೊದಲು ಸ್ವಲ್ಪ ಹಳೆಯ ಮಾತು. ಬ್ಯಾಂಕುಗಳಲ್ಲಿ ಯಂತ್ರ ತರಬೇಕೆಂದು ಡಾಕ್ಟರ್ ರಂಗರಾಜನ್ ಅವರ ಸಮಿತಿ 1984ರಲ್ಲಿ ವರದಿ ಕೊಟ್ಟಿತು. ನಮ್ಮ ಶಾಖೆಗೆ ಲೆಜರು ಬರೆಯುವ ಯಂತ್ರ ಬಂದದ್ದು 1993ರಲ್ಲಿ. ಅದಕ್ಕೊಂದು ಬೇರೆ ಕೋಣೆ, ಆ ಕೋಣೆಗೆ ತಂಪು ಗಾಳಿಯ ಯಂತ್ರ, ಬಾಗಿಲಲ್ಲಿ ಚಪ್ಪಲಿ ಬಿಡಬೇಕೆಂಬ ಫಲಕ. ದೇವರ ಗುಡಿಗೆ ಹೋದ ಹಾಗೆ ನಾವು ಒಳಗೆ ಹೋಗುತ್ತಿದ್ದೆವು. ದಿನದ ಕೆಲಸ ಮುಗಿದ ಮೇಲೆ ಅಂದಿನ ಲೆಕ್ಕವನ್ನೆಲ್ಲ ಫ್ಲಾಪಿಗಳಿಗೆ ನಕಲು ಮಾಡುವುದು ನನ್ನ ಪಾಲಿನ ಕೆಲಸ. ಒಂದು ಜೊತೆ ಫ್ಲಾಪಿ ತಿಜೋರಿಯಲ್ಲಿ, ಇನ್ನೊಂದು ಜೊತೆ ಅಧಿಕಾರಿಯ ಮನೆಯಲ್ಲಿ. ಶಾಖೆಗೆ ಬೆಂಕಿ ಬಿದ್ದರೂ ಲೆಕ್ಕ ಉಳಿಯಬೇಕು ಎಂಬುದು ನಿಯಮ. ವರ್ಷಗಟ್ಟಲೆ ಒಂದು ದಿನವೂ ತಪ್ಪದೆ ಇದನ್ನು ಮಾಡಿದೆ. ಈ ಮಾತನ್ನು ನೆನಪಿನಲ್ಲಿಡಿರಿ, ಮುಂದೆ ಬೇಕಾಗುತ್ತದೆ.

2020ರಲ್ಲಿ ಕೊರೋನಾ ಬಂದು ಶಾಲೆಗಳು ಮುಚ್ಚಿದವು. ನಮ್ಮ ಮನೆಯಲ್ಲಿ ಓದುವ ಮಕ್ಕಳು ಮೂವರು, ಮೊಬೈಲು ಒಂದು. ಮಕ್ಕಳು ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯವರು. ಬಾಲಭಾರತಿಯ ಕನ್ನಡ ಪಠ್ಯಪುಸ್ತಕಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಆದರೆ ಅಂಗೈಯಗಲದ ಗಾಜಿನ ಮೇಲೆ ಆ ಪುಟ ಓದಬೇಕಾದರೆ ಒತ್ತಕ್ಷರ ಕಾಣುವಷ್ಟು ದೊಡ್ಡದು ಮಾಡಬೇಕು. ದೊಡ್ಡದು ಮಾಡಿದರೆ ಸಾಲು ಹೊರಗೆ ಹೋಗುತ್ತದೆ. ಹಿರಿಯ ಮೊಮ್ಮಗಳಿಗೆ ತಲೆನೋವು ಶುರುವಾಯಿತು. ನಿವೃತ್ತಿಯ ಹಣ ಕೈಯಲ್ಲಿತ್ತು. ಒಂದು ಗಣಕಯಂತ್ರ ತರೋಣ ಎಂದೆ.

ನನ್ನ ಸೊಸೆ ಇಂಡಿ ತಾಲೂಕಿನ ಕಡೆಯ ಹುಡುಗಿ. ಬಿ.ಕಾಂ. ಓದಿ ಎರಡು ವರ್ಷ ಒಂದು ಕಚೇರಿಯಲ್ಲಿ ಗಣಕಯಂತ್ರದ ಮೇಲೆ ಕೆಲಸ ಮಾಡಿದವಳು. 2021ರ ಜೂನ್ ತಿಂಗಳಲ್ಲಿ ಅವಳನ್ನು ಕರೆದುಕೊಂಡು ಪೇಟೆಗೆ ಹೋದೆ. ಅಂಗಡಿಯವನು ಮೊಣಕಾಲೆತ್ತರದ ಒಂದು ಡಬ್ಬಿ ತೋರಿಸಿ, “ಸಾಹೇಬರ, ಇದು ಐ-ಸೆವೆನ್, ಎಲ್ಲಕ್ಕಿಂತ ದೊಡ್ಡದು” ಎಂದ. ಪರದೆ, ಕೀಲಿಮಣೆ ಸೇರಿ 21,000 ರೂಪಾಯಿ. ಸೊಸೆ ಮೆಲ್ಲಗೆ, “ಮಾವಾರ, ಇದು ಭಾಳ ಹಳೇದದ ಅನಸ್ತದ. ಒಳಗ ಏನೇನದ ಕೇಳ್ರಿ” ಎಂದಳು. ನಾನು, “ಇಷ್ಟು ವರ್ಷ ಬ್ಯಾಂಕಿನಾಗ ಕಂಪ್ಯೂಟರ್ ಮುಂದನ ಕುಂತೀನಿ ಯವ್ವಾ, ನನಗ ತಿಳಿಯೂದಿಲ್ಲೇನು?” ಎಂದು ರೊಕ್ಕ ಎಣಿಸಿ ಕೊಟ್ಟೆ. ಬ್ಯಾಂಕಿನವ ಎಂಬ ಜಂಬ ಅದು. ಮೂವತ್ತು ವರ್ಷ ಬಸ್ಸಿನಲ್ಲಿ ಕುಳಿತು ಓಡಾಡಿದವನಿಗೆ ಎಂಜಿನ್ನಿನ ವಿಷಯ ತಿಳಿಯುತ್ತದೆಯೆ? ನನಗೆ ಆ ವಿವೇಕ ಹೊಳೆಯಲಿಲ್ಲ.

ಆ ಯಂತ್ರ ಚಾಲೂ ಆಗಲು ನಾಲ್ಕು ನಿಮಿಷ ಬೇಕು. ಸ್ವಿಚ್ ಹಾಕಿ ಚಹಾ ಕುಡಿದು ಬರಬಹುದಿತ್ತು. ಆದರೂ ಮಕ್ಕಳ ಓದು ನಡೆಯಿತು, ಹೊಲದ ಸಾತ್‌ಬಾರಾ ಉತಾರೆ ತೆಗೆಯುವುದು ನಡೆಯಿತು. 2022ರ ಬೇಸಿಗೆಯಲ್ಲಿ ಮೊಮ್ಮಗಳು ಒಂದು ಒಳ್ಳೆಯ ಕೆಲಸ ಮಾಡಿದಳು. ನಮ್ಮ ಅವ್ವನಿಗೆ ಆಗ ಎಂಬತ್ತಾರು ವರ್ಷ. ಬೀಸುಕಲ್ಲಿನ ಹಾಡು, ಸೋಬಾನೆ ಪದ, ತೊಟ್ಟಿಲ ಪದ ಎಲ್ಲವೂ ಅವಳ ಬಾಯಲ್ಲಿ. ಮಗು ಮೊಬೈಲು ಹಿಡಿದು ಹನ್ನೊಂದು ಹಾಡುಗಳನ್ನು ಅವಳಿಂದ ಹಾಡಿಸಿ ಹಿಡಿದಿಟ್ಟಳು. ಮೊಬೈಲು ತುಂಬಿತು. ಹಾಡುಗಳನ್ನೆಲ್ಲ ಗಣಕಯಂತ್ರಕ್ಕೆ ಹಾಕಿ ಮೊಬೈಲಿನಿಂದ ಅಳಿಸಿದೆವು. ಆಗಲೂ ಸೊಸೆ ಹೇಳಿದಳು, “ಇದೊಂದರ ಮ್ಯಾಲ ಭರೋಸಾ ಇಡಬ್ಯಾಡ್ರಿ ಮಾವಾರ, ಇನ್ನೊಂದು ಕಡೆ ನಕಲು ಇಡೂಣು.” ನಾನು, “ಆಗಲಿ, ಸೋಲಾಪುರಕ್ಕೆ ಹೋದಾಗ ನೋಡೋಣ” ಎಂದೆ. ಅನಂತರ ಎರಡು ಸಲ ಸೋಲಾಪುರಕ್ಕೆ ಹೋದೆ. ನೋಡಲಿಲ್ಲ.

ನವೆಂಬರಿನಲ್ಲಿ ಅವ್ವ ತೀರಿಕೊಂಡಳು. 2023ರ ಮಾರ್ಚಿನಲ್ಲಿ ಒಂದು ಸಂಜೆ ಲೈಟು ಹೋಗಿ ಬಂದು, ಮತ್ತೆ ಹೋಗಿ ಬಂದು ಮಾಡಿತು. ಮರುದಿನ ಯಂತ್ರದೊಳಗಿಂದ ಟಿಕ್ ಟಿಕ್ ಎಂಬ ಸದ್ದು. ಹಾರ್ಡ್ ಡಿಸ್ಕ್ ಸತ್ತಿತ್ತು. ಇಬ್ಬರು ರಿಪೇರಿಯವರಿಗೆ ತೋರಿಸಿದೆ. ಇಬ್ಬರೂ ಕೈ ಚೆಲ್ಲಿದರು. ಉತಾರೆ ಮತ್ತೆ ತೆಗೆಸಿದೆವು. ಗುಣಪತ್ರಿಕೆಯ ನಕಲು ಶಾಲೆಯಿಂದ ಸಿಕ್ಕಿತು. ಹಾಡುಗಳನ್ನು ಯಾವ ಕಚೇರಿಗೆ ಹೋಗಿ ಕೇಳುವುದು? ಹನ್ನೊಂದರಲ್ಲಿ ಒಂದು ಮಾತ್ರ ಉಳಿಯಿತು. ಅದನ್ನು ಮೊಮ್ಮಗಳು ಇಂಡಿಯಲ್ಲಿರುವ ನನ್ನ ತಂಗಿಯ ಮೊಬೈಲಿಗೆ ಆಗಲೇ ಕಳಿಸಿದ್ದಳು. ಎರಡು ನಿಮಿಷ ನಲವತ್ತು ಸೆಕೆಂಡಿನ ಹಾಡು. ಬ್ಯಾಂಕಿನ ಲೆಕ್ಕಕ್ಕೆ ದಿನವೂ ಎರಡು ನಕಲು ಮಾಡಿದ ಈ ಕೈ, ಹೆತ್ತ ತಾಯಿಯ ದನಿಗೆ ಒಂದು ನಕಲು ಮಾಡಲಿಲ್ಲ.

ಇರಲಿ. ಈಗ ಎರಡನೆಯ ಸಲದ ಮಾತಿಗೆ ಬರುತ್ತೇನೆ. 2024ರ ಆರಂಭದಲ್ಲಿ ಮತ್ತೊಂದು ಯಂತ್ರ ಕೊಳ್ಳುವಾಗ ಸೊಸೆಯನ್ನು ಮುಂದೆ ಬಿಟ್ಟು ನಾನು ಹಿಂದೆ ನಿಂತೆ. ಅವಳಿಂದ ಕಲಿತದ್ದನ್ನು ನಿಮಗೆ ಹೇಳುತ್ತೇನೆ. ಕೈಯಲ್ಲಿ ಪೆನ್ನಿದ್ದರೆ ಬರೆದುಕೊಳ್ಳಿರಿ.

ಮನೆಗೆ ಮೇಜಿನ ಮೇಲಿಡುವ ಯಂತ್ರ ಸಾಕೋ, ಮಡಚುವ ಲ್ಯಾಪ್‌ಟಾಪ್ ಬೇಕೋ ಎಂಬುದು ಮೊದಲ ಪ್ರಶ್ನೆ. ಕಾಲೇಜಿಗೆ ಹೊತ್ತುಕೊಂಡು ಹೋಗುವವರಿಗೆ ಲ್ಯಾಪ್‌ಟಾಪೇ ಸರಿ. ಮನೆಮಂದಿಯೆಲ್ಲ ಬಳಸುವುದಾದರೆ ಮೇಜಿನ ಯಂತ್ರ ಒಳ್ಳೆಯದು. ಪರದೆ ದೊಡ್ಡದು, ಕಣ್ಣಿಗೆ ಹಿತ. ಕೀಲಿಮಣೆ ಕೆಟ್ಟರೆ ಕೀಲಿಮಣೆಯನ್ನಷ್ಟೇ ಬದಲಿಸಬಹುದು, ಪರದೆ ಕೆಟ್ಟರೆ ಪರದೆಯನ್ನಷ್ಟೇ. ಒಂದು ಕೆಟ್ಟಿತೆಂದು ಎಲ್ಲವನ್ನೂ ಎಸೆಯಬೇಕಾಗಿಲ್ಲ.

ಈಗ ಮೇಜಿನ ಯಂತ್ರವೆಂದರೆ ಮೊಣಕಾಲೆತ್ತರದ ಡಬ್ಬಿಯೇ ಆಗಬೇಕಾಗಿಲ್ಲ. ಮಿನಿ ಪಿಸಿ ಎಂದು ಕರೆಯುವ ಸಣ್ಣ ಯಂತ್ರಗಳಿವೆ. ನಮ್ಮ ಮನೆಯಲ್ಲಿರುವುದು ಸುಮಾರು ಒಂದು ಗೇಣು ಉದ್ದ, ಅಷ್ಟೇ ಅಗಲ, ಎರಡು ಬೆರಳು ದಪ್ಪ. ನಮ್ಮ ಬ್ಯಾಂಕಿನ ಹಳೆಯ ಡೇಬುಕ್ಕು ಇದಕ್ಕಿಂತ ದೊಡ್ಡದಿತ್ತು. ಪರದೆಯ ಬೆನ್ನಿಗೆ ಸ್ಕ್ರೂ ಹಾಕಿ ತೂಗುಬಿಡಲೂ ಬರುತ್ತದೆ.

ಇಂಥ ಯಂತ್ರಗಳಲ್ಲಿ ಮೂರು ಬಗೆ. ಮೊದಲನೆಯದು, ಕಂಪನಿಗಳ ಕಚೇರಿಯಲ್ಲಿ ಮೂರು ನಾಲ್ಕು ವರ್ಷ ದುಡಿದು ಹೊರಬಂದ ಯಂತ್ರ. ಲೆನೊವೊದವರು ಇದನ್ನು ಟೈನಿ ಎನ್ನುತ್ತಾರೆ, ಡೆಲ್‌ನವರು ಮೈಕ್ರೊ ಎನ್ನುತ್ತಾರೆ, ಎಚ್‌ಪಿಯವರು ಮಿನಿ ಎನ್ನುತ್ತಾರೆ. ಗಟ್ಟಿ ಕಟ್ಟಡ, ಬಿಡಿಭಾಗ ಸಿಗುತ್ತವೆ, ಬೆಲೆ ಕಡಿಮೆ. ಎರಡನೆಯದು, ಹೊಸದಾಗಿ ಬರುವ ಅಗ್ಗದ ಯಂತ್ರ. ಇವುಗಳಲ್ಲಿ ಹೆಚ್ಚಾಗಿ ಇಂಟೆಲ್ ಎನ್-ಹಂಡ್ರೆಡ್ ಎಂಬ, 2023ರಲ್ಲಿ ಬಂದ ಚಿಪ್ಪು ಇರುತ್ತದೆ. ಕರೆಂಟು ಬಹಳ ಕಡಿಮೆ ತಿನ್ನುತ್ತದೆ. ಪಾಠ, ಪತ್ರ, ಲೆಕ್ಕ, ವಿಡಿಯೊ ನೋಡುವುದಕ್ಕೆ ಅದು ಸಾಕು. ಆದರೆ ಹೆಸರೇ ಕೇಳದ ಕಂಪನಿಯದಾದರೆ ಕೆಟ್ಟಾಗ ಎಲ್ಲಿಗೆ ಒಯ್ಯಬೇಕೆಂದು ಮೊದಲೇ ಕೇಳಬೇಕು. ಮೂರನೆಯದು, ಆಪಲ್ ಕಂಪನಿಯ ಮ್ಯಾಕ್ ಮಿನಿ. 2024ರಲ್ಲಿ ಬಂದದ್ದು ಐದು ಇಂಚು ಚೌಕ, ಬಹಳ ಚುರುಕು. ಆದರೆ ಆಗ ಅದರ ಆರಂಭದ ಬೆಲೆ ಪರದೆಯಿಲ್ಲದೆ 59,900 ರೂಪಾಯಿ ಇತ್ತು, ಮತ್ತು ಕೊಂಡ ಮೇಲೆ ಅದರ ಮೆಮೊರಿ ಹೆಚ್ಚಿಸಲು ಬರುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಾದ ನಮ್ಮಂಥವರಿಗೆ ಮೊದಲಿನ ಎರಡೇ ಬಗೆ.

ಈಗ ಯಂತ್ರದ ವಯಸ್ಸು ತಿಳಿಯುವುದು ಹೇಗೆ? ಸೋಲಾಪುರದ ಸಿದ್ಧರಾಮೇಶ್ವರ ಜಾತ್ರೆಯ ದನದ ಪೇಟೆಯಲ್ಲಿ ಎತ್ತು ಕೊಳ್ಳುವಾಗ ನಾವು ಏನು ಮಾಡುತ್ತೇವೆ? ಕೊಂಬಿನ ಬಣ್ಣ, ಕೊರಳಿನ ಗೆಜ್ಜೆ ನೋಡಿ ರೊಕ್ಕ ಕೊಡುವುದಿಲ್ಲ. ಬಾಯಿ ಬಿಡಿಸಿ ಹಲ್ಲು ಎಣಿಸುತ್ತೇವೆ. ಗಣಕಯಂತ್ರಕ್ಕೂ ಹಲ್ಲಿದೆ. ಐ-ತ್ರೀ, ಐ-ಫೈವ್, ಐ-ಸೆವೆನ್ ಎಂಬುದು ಕೊಂಬಿನ ಬಣ್ಣ. ಅದರ ಮುಂದೆ ಅಡ್ಡಗೆರೆ ಎಳೆದು ಬರೆದ ಸಂಖ್ಯೆಯೇ ಹಲ್ಲು. ನಾನು ಕೊಂಡದ್ದು ಐ-ಸೆವೆನ್ 3770. ಮೊದಲ ಅಂಕಿ ಮೂರು. ಅಂದರೆ ಮೂರನೆಯ ಪೀಳಿಗೆ, 2012ರಲ್ಲಿ ಬಂದದ್ದು. ನಾನು ಕೊಳ್ಳುವಾಗಲೇ ಅದಕ್ಕೆ ಒಂಬತ್ತು ವರ್ಷ. ಎರಡನೆಯ ಸಲ ಸೊಸೆ ಆರಿಸಿದ್ದು ಐ-ಫೈವ್ 8500ಟಿ. ಎಂಟನೆಯ ಪೀಳಿಗೆ, 2018ರದು. ಕೊನೆಯ ಟಿ ಅಕ್ಷರಕ್ಕೆ ಕರೆಂಟು ಕಡಿಮೆ ಬಳಸುವ ಚಿಪ್ಪು ಎಂದು ಅರ್ಥ. ಸಂಖ್ಯೆ ಐದು ಅಂಕಿಯದಾಗಿ 10, 12 ಎಂದು ಆರಂಭವಾದರೆ ಅದು ಹತ್ತನೆಯ, ಹನ್ನೆರಡನೆಯ ಪೀಳಿಗೆ. ಹೆಸರಿನಲ್ಲಿ ಐ-ಸೆವೆನ್ ದೊಡ್ಡದಾದರೂ ಕೆಲಸದಲ್ಲಿ ನಮ್ಮ ಐ-ಫೈವ್ ಆ ಮುದಿ ಐ-ಸೆವೆನ್ನನ್ನು ಹಿಂದೆ ಹಾಕುತ್ತದೆ.

ಎಂಟನೆಯ ಪೀಳಿಗೆಗಿಂತ ಹಳೆಯದನ್ನು ಕೊಳ್ಳಬೇಡಿರಿ ಎಂದು ನಾನು ಒತ್ತಿ ಹೇಳುತ್ತೇನೆ. ಕಾರಣವಿದೆ. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ಕಂಪನಿ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಯಂತ್ರ ನಡೆಯುತ್ತದೆ, ಆದರೆ ಕಳ್ಳರು ನುಗ್ಗುವ ಕಿಂಡಿಗಳನ್ನು ಮುಚ್ಚುವವರಿಲ್ಲ. ಅಂಥ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಬಾಗಿಲಿಗೆ ಕೀಲಿ ಹಾಕದೆ ಜಾತ್ರೆಗೆ ಹೋದ ಹಾಗೆ. ಮುಂದಿನ ವಿಂಡೋಸ್ 11ಕ್ಕೆ ಇಂಟೆಲ್ ಚಿಪ್ಪಾದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆ ಅಥವಾ ಅದಕ್ಕಿಂತ ಹೊಸದು ಬೇಕು. ನಿಮ್ಮ ಮನೆಯಲ್ಲಿ ಹಳೆಯ ಯಂತ್ರ ಈಗಾಗಲೇ ಇದ್ದರೆ ಎಸೆಯಬೇಡಿರಿ. ಲಿನಕ್ಸ್ ಎಂಬ ಪುಕ್ಕಟೆ ವ್ಯವಸ್ಥೆ ಹಾಕಿಸಿದರೆ ಮಕ್ಕಳ ಓದಿಗೆ, ಬರವಣಿಗೆಗೆ ಇನ್ನೂ ಕೆಲವು ವರ್ಷ ಬರುತ್ತದೆ. ಅದರಲ್ಲಿಯೂ ಕನ್ನಡ ಬರೆಯಬಹುದು. ಆದರೆ ಅಂಗಡಿಯ ಲೆಕ್ಕದ ಟ್ಯಾಲಿಯಂಥದು ಬೇಕಾದವರಿಗೆ ವಿಂಡೋಸೇ ಅನುಕೂಲ.

ಚಿಪ್ಪಿನ ನಂತರ ಮೆಮೊರಿ. ಇದನ್ನು ಮೇಜಿನ ಅಗಲ ಎಂದು ತಿಳಿಯಿರಿ. ಮೇಜು ಅಗಲವಿದ್ದರೆ ನಾಲ್ಕು ಲೆಜರು ಬಿಚ್ಚಿಟ್ಟು ಬರೆಯಬಹುದು, ಕಿರಿದಾದರೆ ಒಂದನ್ನು ಎತ್ತಿಟ್ಟು ಇನ್ನೊಂದನ್ನು ತೆಗೆಯಬೇಕು. ಮನೆಗೆ 8 ಜಿಬಿ ಕನಿಷ್ಠ, 16 ಇದ್ದರೆ ಸಮಾಧಾನ. 4 ಜಿಬಿ ಎಂದರೆ ಬೇಡವೆನ್ನಿರಿ. ಮುಂದೆ ಹೆಚ್ಚಿಸಲು ಖಾಲಿ ಜಾಗವಿದೆಯೆ ಎಂದೂ ಕೇಳಿರಿ. ಕೆಲವು ಹೊಸ ಯಂತ್ರಗಳಲ್ಲಿ ಮೆಮೊರಿಯನ್ನು ಬೆಸುಗೆ ಹಾಕಿಬಿಟ್ಟಿರುತ್ತಾರೆ.

ಆಮೇಲೆ ಡಿಸ್ಕು. ಇದು ಕಪಾಟು ಇದ್ದ ಹಾಗೆ, ಲೈಟು ಹೋದರೂ ಇಟ್ಟದ್ದು ಇಟ್ಟಲ್ಲೇ ಇರುತ್ತದೆ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ತಿರುಗುವ ತಟ್ಟೆ, ಅದರ ಮೇಲೆ ಓಡುವ ಮುಳ್ಳು ಇರುತ್ತದೆ. ಹೊಡೆತ ತಾಗಿದರೆ ಸಾಯುತ್ತದೆ. ಈಗಿನ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ನಾಲ್ಕು ನಿಮಿಷದಲ್ಲಿ ಏಳುತ್ತಿದ್ದ ಯಂತ್ರದ ಬದಲು ಈಗಿನದು ಅರ್ಧ ನಿಮಿಷದೊಳಗೆ ಏಳುತ್ತದೆ. 256 ಜಿಬಿಯ ಎಸ್‌ಎಸ್‌ಡಿ ಸಾಮಾನ್ಯ ಮನೆಗೆ ಸಾಕು. ಆದರೆ ಒಂದು ಮಾತು. ಎಸ್‌ಎಸ್‌ಡಿಯೂ ಒಂದು ದಿನ ಸಾಯುತ್ತದೆ, ಟಿಕ್ ಟಿಕ್ ಎಂಬ ಮುನ್ಸೂಚನೆಯೂ ಕೊಡದೆ ಸಾಯಬಹುದು.

ಇನ್ನು ಕೊಳ್ಳುವಾಗ ಮರೆಯುವ ಸಣ್ಣ ಸಂಗತಿಗಳು. ಕೆಲವು ಯಂತ್ರಗಳನ್ನು ಮೆಮೊರಿ, ಡಿಸ್ಕು ಎರಡೂ ಇಲ್ಲದೆ ಬರಿಯ ಡಬ್ಬಿಯಾಗಿ ಮಾರುತ್ತಾರೆ. ಬೆಲೆ ಅಗ್ಗವೆಂದು ಹಿಗ್ಗಬೇಡಿರಿ, ಒಳಗೇನಿದೆ ಓದಿರಿ. ಸಣ್ಣ ಯಂತ್ರದಲ್ಲಿ ಸಾಮಾನ್ಯವಾಗಿ ಡಿವಿಡಿ ಹಾಕುವ ಜಾಗ ಇರುವುದಿಲ್ಲ. ಮದುವೆಯ ಡಿವಿಡಿ ನೋಡಬೇಕಾದರೆ ಹೊರಗಿನಿಂದ ಜೋಡಿಸುವ ಯಂತ್ರ ಬೇಕು. ಕ್ಯಾಮರಾ, ಮೈಕು ಇರುವುದಿಲ್ಲ. ಕಚೇರಿಯಿಂದ ಬಂದ ಕೆಲವು ಯಂತ್ರಗಳಲ್ಲಿ ವೈಫೈ ಕೂಡ ಇರುವುದಿಲ್ಲ. ನಮ್ಮದರಲ್ಲಿ ಇರಲಿಲ್ಲ. ಮೊಬೈಲನ್ನು ತಂತಿಯಿಂದ ಜೋಡಿಸಿ ಅದರ ಅಂತರ್ಜಾಲವನ್ನೇ ಬಳಸುತ್ತೇವೆ, ಏನೂ ತೊಂದರೆಯಿಲ್ಲ. ನಮ್ಮ ಹಳೆಯ ಪರದೆಗೆ ಇದ್ದದ್ದು ವಿಜಿಎ ಎಂಬ ಹಳೆಯ ಮೂತಿ, ಹೊಸ ಯಂತ್ರದ್ದು ಬೇರೆ ಮೂತಿ. ನಡುವೆ ಒಂದು ಕನ್ವರ್ಟರ್ ಹಾಕಿ ಹಳೆಯ ಪರದೆಯನ್ನೇ ಉಳಿಸಿಕೊಂಡೆವು. ಯಂತ್ರದ ಅಡಾಪ್ಟರ್ ಅದೇ ಕಂಪನಿಯದೇ ಎಂದು ನೋಡಿ ತನ್ನಿರಿ. ಯಾವುದೋ ಅಡಾಪ್ಟರ್ ಹಾಕಿ ಕೊಟ್ಟರೆ ಕೆಲವು ಯಂತ್ರಗಳು ಮೊಂಡು ಹಿಡಿಯುತ್ತವೆ.

ಅಂಗಡಿಯಲ್ಲಿ ನಿಂತಾಗ ಯಂತ್ರವನ್ನು ಚಾಲೂ ಮಾಡಿಸಿ ನೋಡಿರಿ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅದರೊಳಗೆ ಅಬೌಟ್ ಎಂಬಲ್ಲಿ ಚಿಪ್ಪಿನ ಸಂಖ್ಯೆ, ಮೆಮೊರಿ ಎರಡೂ ಕಾಣುತ್ತವೆ. ವಿಂಡೋಸ್ ಅಸಲಿಯೆ, ಆಕ್ಟಿವೇಟ್ ಆಗಿದೆಯೆ ಎಂಬುದೂ ಸೆಟ್ಟಿಂಗ್ಸ್‌ನಲ್ಲೇ ತಿಳಿಯುತ್ತದೆ. ಕಚೇರಿಯ ಹಳೆಯ ಪಾಸ್‌ವರ್ಡು ಒಳಗೆ ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿರಿ. ಜಿಎಸ್‌ಟಿ ಬಿಲ್ಲು ಕೇಳಿರಿ. ಬಿಲ್ಲಿನಲ್ಲಿ ಬರಿಯ “ಕಂಪ್ಯೂಟರ್ ಒಂದು” ಎಂದು ಬರೆದರೆ ಒಪ್ಪಬೇಡಿರಿ. ಚಿಪ್ಪಿನ ಪೂರ್ತಿ ಸಂಖ್ಯೆ, ಮೆಮೊರಿ, ಡಿಸ್ಕು, ಗ್ಯಾರಂಟಿಯ ತಿಂಗಳು ಎಲ್ಲವೂ ಇರಬೇಕು. ನನ್ನ ಮೊದಲಿನ ಯಂತ್ರಕ್ಕೆ ಸಿಕ್ಕದ್ದು ಬಿಳಿ ಚೀಟಿ. ವೋಚರು ಇಲ್ಲದೆ ಒಂದು ರೂಪಾಯಿ ಕೊಡದ ಗುಮಾಸ್ತ ನಾನು, ಚೀಟಿ ಜೇಬಿಗೆ ಹಾಕಿಕೊಂಡು ಬಂದಿದ್ದೆ. ಗ್ಯಾರಂಟಿ ಇದ್ದರೂ ಕೆಟ್ಟಾಗ ಅವರು ಮನೆಗೆ ಬರುತ್ತಾರೋ, ನಾವು ಪುಣೆಗೆ ಹೊತ್ತು ಒಯ್ಯಬೇಕೋ ಎಂಬುದನ್ನೂ ಕೇಳಿರಿ. ಹಳ್ಳಿಯವರಿಗೆ ಇದು ದೊಡ್ಡ ಪ್ರಶ್ನೆ.

ಈಗ ಕರೆಂಟಿನ ಲೆಕ್ಕ. ದೊಡ್ಡ ಡಬ್ಬಿ ಸುಮಾರು 80 ವ್ಯಾಟ್ ತೆಗೆದುಕೊಂಡರೆ, ದಿನಕ್ಕೆ ಐದು ತಾಸಿನಂತೆ ತಿಂಗಳಿಗೆ 12 ಯೂನಿಟ್. ಸಣ್ಣದು ಸಾಮಾನ್ಯ ಕೆಲಸದಲ್ಲಿ ಸುಮಾರು 20 ವ್ಯಾಟ್, ತಿಂಗಳಿಗೆ 3 ಯೂನಿಟ್. ಉಳಿತಾಯಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಲೈಟು ಹೋದಾಗ ಯುಪಿಎಸ್ ದೊಡ್ಡ ಡಬ್ಬಿಯನ್ನು ಹತ್ತು ಹದಿನೈದು ನಿಮಿಷ ನಡೆಸುವ ಕಡೆ, ಸಣ್ಣದನ್ನು ಪರದೆ ಸಮೇತ ಅರ್ಧ ತಾಸಾದರೂ ನಡೆಸುತ್ತದೆ. ಅರ್ಜಿಯ ಕೊನೆಯ ದಿನ ಸಂಜೆ ಆ ಅರ್ಧ ತಾಸಿನ ಬೆಲೆ ಎಷ್ಟೆಂದು ಮಕ್ಕಳನ್ನು ಓದಿಸುವವರಿಗೆ ಗೊತ್ತು. ಯುಪಿಎಸ್ ಇಲ್ಲದೆ ಗಣಕಯಂತ್ರ ಕೊಳ್ಳಲೇಬೇಡಿರಿ.

ನಮ್ಮ ಖರ್ಚಿನ ಪಟ್ಟಿ ಓದುತ್ತೇನೆ. ಯಂತ್ರಕ್ಕೆ 14,500. ಕನ್ವರ್ಟರಿಗೆ 400. 600 ವಿಎ ಯುಪಿಎಸ್ಸಿಗೆ 2,800. ನಕಲು ಇಡಲು ಹೊರಗಿನ ಒಂದು ಟಿಬಿ ಡಿಸ್ಕಿಗೆ 4,800. ಒಟ್ಟು 22,500 ರೂಪಾಯಿ. ಮೊದಲಿನ ಸಲ ನಾನು ಕೆಟ್ಟದ್ದಕ್ಕೂ ಎರಡನೆಯ ಸಲ ಕಲಿತದ್ದಕ್ಕೂ ಅಂತರ 1,500 ರೂಪಾಯಿ ಮಾತ್ರ. ಇವು 2024ರ ಆರಂಭದ ಬೆಲೆಗಳು. 2025ರ ಕೊನೆಗೆ ಮೆಮೊರಿಯ ಬೆಲೆ ಜಗತ್ತಿನಾದ್ಯಂತ ಏರಿತು. ಆದ್ದರಿಂದ ನೀವು ಕೊಳ್ಳುವ ದಿನ ಎರಡು ಮೂರು ಕಡೆ ಕೇಳಿಯೇ ಕೊಳ್ಳಿರಿ.

ಮನೆಗೆ ತಂದ ಮೇಲೆ ಅದಕ್ಕೆ ಗಾಳಿಯಾಡುವ ಜಾಗ ಕೊಡಿರಿ. ನಮ್ಮ ಹೆಣ್ಣುಮಕ್ಕಳು ಪ್ರೀತಿಯಿಂದ ಕಸೂತಿಯ ಬಟ್ಟೆ ಹೊದಿಸುತ್ತಾರೆ. ನಡೆಯುವಾಗ ಹೊದಿಸಿದರೆ ಬಿಸಿಯಾಗಿ ಕೆಡುತ್ತದೆ. ಜೋಳದ ರಾಶಿಯ ದಿನಗಳಲ್ಲಿ ಧೂಳು ಒಳಗಿನ ಸಣ್ಣ ಫ್ಯಾನಿಗೆ ಮೆತ್ತಿಕೊಳ್ಳುತ್ತದೆ. ವರ್ಷಕ್ಕೊಮ್ಮೆ ತೆಗೆದು ಒರೆಸಬೇಕು.

ಗಡಿಯಲ್ಲಿರುವ ನಮಗೆ ಇನ್ನೊಂದು ವಿಶೇಷ. ತಹಸೀಲಿಗೆ ಅರ್ಜಿ ಮರಾಠಿಯಲ್ಲಿ, ಬೀಗರಿಗೆ ಪತ್ರ ಕನ್ನಡದಲ್ಲಿ. ಎರಡು ಲಿಪಿಗೆ ಎರಡು ಸಲ ಟೈಪಿಂಗ್ ಕಲಿಯಬೇಕೆ ಎಂದು ನಾನು ಚಿಂತಿಸಿದ್ದೆ. ಬೇಕಾಗಿಲ್ಲ. ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆಯ ವ್ಯವಸ್ಥೆಯನ್ನು ಭಾರತದ ಭಾಷೆಗಳಿಗೆಲ್ಲ ಒಂದೇ ಎಂದು ರೂಪಿಸಿದ್ದಾರೆ. ಇಂಗ್ಲಿಷಿನ ಕೆ ಕೀಲಿ ಒತ್ತಿದರೆ ಕನ್ನಡದಲ್ಲಿ ಕನ್ನಡದ ಕ, ಮರಾಠಿಯಲ್ಲಿ ಮರಾಠಿಯ ಕ. ಎಚ್ ಒತ್ತಿದರೆ ಎರಡರಲ್ಲಿಯೂ ಪ, ಜೆ ಒತ್ತಿದರೆ ಎರಡರಲ್ಲಿಯೂ ರ. ಒತ್ತಕ್ಷರಕ್ಕೆ ನಡುವೆ ಡಿ. ಬೆರಳಿಗೆ ಒಂದು ಸಲ ಅಭ್ಯಾಸವಾದರೆ ಎರಡು ಭಾಷೆ ಬಂದ ಹಾಗೆಯೇ. ಇದು ವಿಂಡೋಸ್‌ನಲ್ಲಿಯೂ ಲಿನಕ್ಸ್‌ನಲ್ಲಿಯೂ ಪುಕ್ಕಟೆ ಇದೆ, ಭಾಷೆಯ ಪಟ್ಟಿಯಿಂದ ಆರಿಸಿಕೊಂಡರೆ ಸಾಕು. ನಾನು ಅರವತ್ತು ದಾಟಿದ ಮೇಲೆ ಕಲಿತೆ. ಎರಡು ತಿಂಗಳು ಹಿಡಿಯಿತು. ಈಗ ಈ ಭಾಷಣವನ್ನು ನಾನೇ ಕುಳಿತು ಟೈಪ್ ಮಾಡಿ ತಂದಿದ್ದೇನೆ. ನಮ್ಮ ಸೊಸೆ ಊರವರ ಅರ್ಜಿಗಳನ್ನು ಎರಡೂ ಭಾಷೆಯಲ್ಲಿ ಬರೆದುಕೊಡುತ್ತಾಳೆ. ಅದರಿಂದ ಬರುವ ನಾಲ್ಕು ದುಡ್ಡು ಅವಳದೇ. ನಾನು ಲೆಕ್ಕ ಕೇಳುವುದಿಲ್ಲ.

ಕೊನೆಗೆ ಎಲ್ಲವನ್ನೂ ಕೂಡಿಸಿ ಹೇಳುತ್ತೇನೆ. ಕೊಳ್ಳುವ ಮೊದಲು ಐದು ಪ್ರಶ್ನೆ ಕೇಳಿರಿ. ಚಿಪ್ಪಿನ ಪೂರ್ತಿ ಸಂಖ್ಯೆ ಏನು? ಮೆಮೊರಿ ಎಂಟಕ್ಕೆ ಕಡಿಮೆಯಿಲ್ಲವಷ್ಟೆ? ಡಿಸ್ಕು ಎಸ್‌ಎಸ್‌ಡಿಯೆ? ವಿಂಡೋಸ್ 11 ಅಸಲಿಯಾಗಿ ನಡೆಯುತ್ತದೆಯೆ? ಕೆಟ್ಟರೆ ಎಲ್ಲಿ, ಎಷ್ಟು ದಿನದಲ್ಲಿ ರಿಪೇರಿ? ಕೊಂಡ ಮೇಲೆ ಆರನೆಯ ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಿರಿ. ಇದು ನಾಳೆ ಬೆಳಿಗ್ಗೆ ಏಳದಿದ್ದರೆ ನನ್ನದು ಏನೇನು ಹೋಗುತ್ತದೆ?

ನಮ್ಮ ಮನೆಯಲ್ಲಿ ಈಗ ಪ್ರತಿ ಅಮಾವಾಸ್ಯೆಗೆ ನಕಲು ಮಾಡುತ್ತೇವೆ. ಹೊರಗಿನ ಡಿಸ್ಕು ಜೋಡಿಸಿ, ಹೊಸ ಕಾಗದ, ಫೋಟೊ, ದನಿ ಎಲ್ಲವನ್ನೂ ಅದಕ್ಕೆ ಹಾಕಿ, ಡಿಸ್ಕನ್ನು ಬಿಚ್ಚಿ ಟ್ರಂಕಿನಲ್ಲಿ ಇಡುತ್ತೇವೆ. ಬಹಳ ಮುಖ್ಯವಾದವು ಗೂಗಲ್ ಡ್ರೈವಿನಲ್ಲಿಯೂ ಇವೆ, ಅಲ್ಲಿ 15 ಜಿಬಿಯಷ್ಟು ಜಾಗ ಪುಕ್ಕಟೆ. ಒಂದು ಯಂತ್ರದಲ್ಲಿ, ಒಂದು ಟ್ರಂಕಿನಲ್ಲಿ, ಒಂದು ಮನೆಯ ಹೊರಗೆ. ಬ್ಯಾಂಕು ನನಗೆ ಕಲಿಸಿದ್ದೂ ಇದೇ, ಮನೆಗೆ ತರಲು ನಾನು ತಡ ಮಾಡಿದೆ.

ಅವ್ವನ ಆ ಒಂದು ಹಾಡು ಈಗ ನಾಲ್ಕು ಕಡೆ ಇದೆ. ಇಂಡಿಯ ತಂಗಿಗೆ ಆ ಹಾಡುಗಳಲ್ಲಿ ಇನ್ನೂ ಮೂರು ಅರ್ಧಂಬರ್ಧ ಬರುತ್ತವೆ. ದೀಪಾವಳಿಗೆ ಬಂದಾಗ ಮೊಮ್ಮಗಳು ಅವಳನ್ನು ಗಣಕಯಂತ್ರದ ಮುಂದೆ ಕೂರಿಸಿ ಹಾಡಿಸಿದಳು. ಅವಳು ಹಾಡಿ ಮುಗಿಸಿ ಮೇಲೇಳುವ ಮೊದಲೇ ನಾನು ಟ್ರಂಕಿನಿಂದ ಡಿಸ್ಕು ತಂದೆ. ನಿಮ್ಮ ಮನೆಯಲ್ಲಿ ಹಾಡುವವರು ಇನ್ನೂ ಇದ್ದರೆ, ಗಣಕಯಂತ್ರ ಬರುವ ತನಕ ಕಾಯಬೇಡಿರಿ. ಇದ್ದ ಮೊಬೈಲಿನಲ್ಲೇ ಇಂದು ಹಿಡಿದಿಡಿರಿ, ಹಿಡಿದದ್ದನ್ನು ಇಂದೇ ಇನ್ನೊಬ್ಬರಿಗೆ ಕಳಿಸಿರಿ.